ತಜ್ಞ ವೈದ್ಯರ ತರಬೇತಿಯ ಮಾನದಂಡ: ಜಿಲ್ಲೆಗಳ ಮಾತೂ ಕೇಳಿಬರಲಿ

ಸಂಪಾದಕರಿಗೆ,

ಮಾನ್ಯರೇ,

ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಬೇಡಿಕೆಯ ಕುರಿತು ತಮ್ಮ ಪತ್ರಿಕೆಯಲ್ಲಿ ಬರುತ್ತಿರುವ ವರದಿಗಳನ್ನೂ ಓದುಗರ ಪತ್ರಗಳನ್ನೂ ತಪ್ಪದೆ ಓದುತ್ತ ಬಂದಿದ್ದೇನೆ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಉರುಳಿ ನಾಲ್ವರು ಪ್ರಾಣ ಕಳೆದುಕೊಂಡ ಮೇಲೆ ಈ ಬೇಡಿಕೆಗೆ ಬಂದ ತೀವ್ರತೆ ಇನ್ನೂ ತಗ್ಗಿಲ್ಲ, ತಗ್ಗಲೂ ಬಾರದು. ಆದರೆ ಆಸ್ಪತ್ರೆಗೆ ಜಾಗ ಎಲ್ಲಿ, ಹಾಸಿಗೆ ಎಷ್ಟು, ಯಾವ ಯಂತ್ರ ಬರುತ್ತದೆ, ಎಷ್ಟು ಹುದ್ದೆ ಮಂಜೂರಾಗುತ್ತದೆ ಎಂಬ ಪ್ರಶ್ನೆಗಳು ಕೇಳಿಬಂದಷ್ಟು, ಆ ಹುದ್ದೆಗೆ ಬರುವ ತಜ್ಞ ವೈದ್ಯರಿಗೆ ಏನೇನು ಮಾಡಲು ಬರಬೇಕು, ಅದು ಅವರಿಗೆ ಬರುತ್ತದೆ ಎಂದು ಯಾರು ಯಾವ ಆಧಾರದ ಮೇಲೆ ದೃಢಪಡಿಸಿದ್ದಾರೆ ಎಂಬ ಪ್ರಶ್ನೆ ಕೇಳಿಬಂದಿಲ್ಲ. ಈ ಜಿಲ್ಲೆಯ ಆಸ್ಪತ್ರೆಗಳಲ್ಲಿ ಅರಿವಳಿಕೆ ವೈದ್ಯೆಯಾಗಿ ಕೆಲಸ ಮಾಡಿ ನಿವೃತ್ತಳಾದ ನನಗೆ ಎರಡನೆಯ ಪ್ರಶ್ನೆಯೇ ಮೊದಲನೆಯದಾಗಿ ತೋರುತ್ತದೆ. ಅದನ್ನು ಓದುಗರ ಮುಂದಿಡುವ ಉದ್ದೇಶದಿಂದ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ದೀರ್ಘವಾಗಿದೆ. ವಿಷಯದ ಮಹತ್ವ ನೋಡಿ ಅವಕಾಶ ಮಾಡಿಕೊಡಬೇಕೆಂದು ಕೋರುತ್ತೇನೆ.

ತಜ್ಞರ ತರಬೇತಿಯನ್ನು ದೇಶಗಳ ಗಡಿ ದಾಟಿ ಒಂದು ಅಳತೆಗೆ ತರುವ ಪ್ರಯತ್ನ ಹೊಸದಲ್ಲ. 1957ರ ರೋಮ್ ಒಪ್ಪಂದದಿಂದ ಯುರೋಪಿನ ಆರು ದೇಶಗಳು ಒಂದು ಆರ್ಥಿಕ ಸಮುದಾಯವಾಗಿ ಸೇರಿದಾಗ, ಆ ದೇಶಗಳ ತಜ್ಞ ವೈದ್ಯರ ಸಂಘಗಳು ಮರುವರ್ಷವೇ, ಅಂದರೆ 1958ರಲ್ಲಿ, ಬ್ರಸೆಲ್ಸ್‌ನಲ್ಲಿ ತಮ್ಮದೇ ಒಂದು ಒಕ್ಕೂಟವನ್ನು ಕಟ್ಟಿಕೊಂಡವು. ಯುಇಎಂಎಸ್ ಎಂದು ಕರೆಯಲಾಗುವ ಆ ಒಕ್ಕೂಟದಲ್ಲಿ ಇಂದು ನಲವತ್ತಕ್ಕೂ ಹೆಚ್ಚು ತಜ್ಞ ವಿಭಾಗಗಳಿವೆ. ಜನ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋಗಿ ದುಡಿಯಲು ಸ್ವತಂತ್ರರೆಂದಾದರೆ, ಜರ್ಮನಿಯಲ್ಲಿ ಕಲಿತ ಶಸ್ತ್ರಚಿಕಿತ್ಸಕರ ಕೈಗೆ ಇಟಲಿಯ ರೋಗಿ ತನ್ನ ದೇಹವನ್ನು ಯಾವ ಭರವಸೆಯ ಮೇಲೆ ಒಪ್ಪಿಸಬೇಕು ಎಂಬುದು ಅವರ ಮುಂದಿದ್ದ ಪ್ರಶ್ನೆಯಾಗಿತ್ತು. 1975ರಲ್ಲಿ ವೈದ್ಯರ ಪದವಿಗಳನ್ನು ಪರಸ್ಪರ ಮಾನ್ಯ ಮಾಡುವ ನಿರ್ದೇಶನಗಳು ಆ ಸಮುದಾಯದ ಕಾನೂನಾಗಿ ಬಂದವು. ಈಗ ಜಾರಿಯಲ್ಲಿರುವುದು 2005ರ ನಿರ್ದೇಶನ; 2013ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು. ಅದರ ಅನುಬಂಧದಲ್ಲಿ ಒಂದೊಂದು ವಿಭಾಗಕ್ಕೂ ಕನಿಷ್ಠ ತರಬೇತಿಯ ಅವಧಿ ಬರೆದಿದೆ: ಸಾಮಾನ್ಯ ಶಸ್ತ್ರಚಿಕಿತ್ಸೆಗೆ 5 ವರ್ಷ, ಪ್ರಸೂತಿ ಮತ್ತು ಸ್ತ್ರೀರೋಗಕ್ಕೆ 4, ಮಕ್ಕಳ ಚಿಕಿತ್ಸೆಗೆ 4, ಅರಿವಳಿಕೆಗೆ 3.

ಈ ಕೊನೆಯ ಅಂಕಿಯ ಬಳಿ ಸ್ವಲ್ಪ ನಿಲ್ಲಬೇಕು. ಯುರೋಪಿನ ಕಾನೂನು ಅರಿವಳಿಕೆಗೆ 3 ವರ್ಷ ಸಾಕೆನ್ನುತ್ತದೆ. ಅದೇ ಯುರೋಪಿನ ತಜ್ಞರ ಒಕ್ಕೂಟ ತಾನು ರಚಿಸಿದ ತರಬೇತಿಯ ಮಾನದಂಡದಲ್ಲಿ ಕನಿಷ್ಠ 5 ವರ್ಷ ಬೇಕೆನ್ನುತ್ತದೆ. ಬ್ರಿಟನ್ನಿನಲ್ಲಿ ಅದು 7 ವರ್ಷಗಳ ಹಾದಿ. ಅಮೆರಿಕದಲ್ಲಿ 4. ನಮ್ಮಲ್ಲಿ ಎಂಬಿಬಿಎಸ್ ಆದ ಮೇಲೆ ಎಂಡಿ ಅಥವಾ ಅದಕ್ಕೆ ಸಮನಾದ ಡಿಎನ್‌ಬಿಗೆ 3 ವರ್ಷ, ಡಿಪ್ಲೊಮಾಕ್ಕೆ 2. ಮನುಷ್ಯರ ಶ್ವಾಸನಾಳ ಎಲ್ಲ ದೇಶಗಳಲ್ಲೂ ಒಂದೇ ಆಗಿರುವಾಗ ಅದನ್ನು ಕಾಯುವವರ ಕಲಿಕೆಯ ಅವಧಿ ಇಷ್ಟು ಬೇರೆಬೇರೆ ಆಗಲು ಶಾಸ್ತ್ರೀಯವಾದ ಕಾರಣವೇನೂ ಇಲ್ಲ. ಪ್ರತಿ ದೇಶದ ಇತಿಹಾಸ, ಹಣ, ವೈದ್ಯರ ಕೊರತೆ, ಅಲ್ಲಿನ ತಜ್ಞರ ಸಂಘಗಳ ಬಲ ಇವೆಲ್ಲ ಸೇರಿ ಆ ಅಂಕಿಯನ್ನು ನಿರ್ಧರಿಸಿವೆ. ಆದುದರಿಂದ ಎಷ್ಟು ವರ್ಷ ಎಂಬುದನ್ನಷ್ಟೇ ಹಿಡಿದು ದೇಶಗಳನ್ನು ಹೋಲಿಸಿದರೆ ನಾವು ಎಲ್ಲಿಗೂ ತಲುಪುವುದಿಲ್ಲ.

ನಮ್ಮದೇ ಸರ್ಕಾರ ವರ್ಷದ ಲೆಕ್ಕವನ್ನು ಬದಿಗಿಟ್ಟು ನೋಡಿದ ಒಂದು ಸಂದರ್ಭವೂ ಇದೆ. ಹೆರಿಗೆಯಲ್ಲಿ ಸಾಯುವ ತಾಯಂದಿರನ್ನು ಉಳಿಸಲು, ಅರಿವಳಿಕೆ ತಜ್ಞರಿಲ್ಲದ ತಾಲ್ಲೂಕು ಆಸ್ಪತ್ರೆಗಳ ಎಂಬಿಬಿಎಸ್ ವೈದ್ಯರಿಗೆ ತುರ್ತು ಪ್ರಸೂತಿಗೆ ಬೇಕಾದಷ್ಟು ಅರಿವಳಿಕೆ ಕಲಿಸುವ ಯೋಜನೆಯೊಂದು ಬಂತು. ಅದರ ಅವಧಿ ಆರಂಭದಲ್ಲಿ 18 ವಾರಗಳಾಗಿತ್ತು. ಮೂರು ವರ್ಷದ ಕೆಲಸವನ್ನು ಹದಿನೆಂಟು ವಾರದಲ್ಲಿ ಕಲಿಸುವುದೆಂದರೆ ರೋಗಿಯ ಪ್ರಾಣದೊಂದಿಗೆ ಚೆಲ್ಲಾಟವೆಂದು ನಮ್ಮ ವಿಭಾಗದ ಹಲವರು ಆಕ್ಷೇಪಿಸಿದರು. ಆ ಆಕ್ಷೇಪದಲ್ಲಿ ಹುರುಳಿತ್ತು. ಆದರೂ ನಾನು ಆ ಯೋಜನೆಯ ಪರವಾಗಿಯೇ ಇದ್ದೆ, ಇಂದಿಗೂ ಇದ್ದೇನೆ. ಯಾಕೆಂದರೆ ಅಲ್ಲಿ ಯಾರು ಯಾವ ರೋಗಿಗೆ ಏನು ಮಾಡಬಹುದು, ಏನು ಮಾಡಕೂಡದು ಎಂಬ ಗೆರೆ ಸ್ಪಷ್ಟವಾಗಿತ್ತು. ಸಿಸೇರಿಯನ್‌ಗೆ ಬೆನ್ನಿಗೆ ಚುಚ್ಚಿ ಕೊಡುವ ಅರಿವಳಿಕೆ, ತಾಯಿಯ ರಕ್ತದೊತ್ತಡ ಕುಸಿದಾಗ ಮಾಡಬೇಕಾದ ಕ್ರಮ, ಉಸಿರಾಟ ನಿಂತರೆ ಶ್ವಾಸನಾಳಕ್ಕೆ ಕೊಳವೆ ಹಾಕುವುದು, ಹುಟ್ಟಿದ ಕೂಸು ಅಳದಿದ್ದರೆ ಮಾಡಬೇಕಾದದ್ದು – ಕಲಿಯಬೇಕಾದ ಕೆಲಸಗಳಿಗೆ ಹೆಸರಿತ್ತು. ಮೂರು ವರ್ಷದ ಪದವಿ ಮುಗಿಸಿ ಬಂದವರ ಬಗ್ಗೆ ಇಷ್ಟೇ ಖಚಿತವಾಗಿ, ಇವರಿಗೆ ಇಂಥಿಂಥ ಕೆಲಸ ಯಾರ ನೆರವೂ ಇಲ್ಲದೆ ಬರುತ್ತದೆ ಎಂದು ಹೇಳುವ ದಾಖಲೆ ನಮ್ಮಲ್ಲಿ ಇರಲಿಲ್ಲವೆಂಬುದು ನನ್ನ ಮನಸ್ಸಿನಲ್ಲಿ ಆಗಲೇ ಉಳಿದ ಕೊರಗು.

ಮಳೆಗಾಲದ ರಾತ್ರಿ, ಹೆರಿಗೆಯಾದ ತಾಯಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ ಎಂದಿಟ್ಟುಕೊಳ್ಳೋಣ. ಮಣಿಪಾಲಕ್ಕೋ ಗೋವಾದ ಬಾಂಬೋಳಿಗೋ ಹುಬ್ಬಳ್ಳಿಗೋ ಕಳುಹಿಸೋಣವೆಂದರೆ, ನಮ್ಮ ಕರಾವಳಿಯ ಬಹುತೇಕ ಊರುಗಳಿಂದ ಅದು ಗಂಟೆಗಳ ಪ್ರಯಾಣ. 2024ರ ಜುಲೈಯಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ ಮುಚ್ಚಿಹೋಯಿತು. ತಿಂಗಳು ತುಂಬುವಷ್ಟರಲ್ಲಿ, ಆಗಸ್ಟ್ 7ರಂದು, ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ದಕ್ಷಿಣಕ್ಕೂ ಉತ್ತರಕ್ಕೂ ದಾರಿ ಹೀಗೆ ಕೈಕೊಟ್ಟಾಗ, ಘಟ್ಟದ ರಸ್ತೆಯ ಮೇಲೂ ಮರ ಉರುಳಿರುವಾಗ, ದೊಡ್ಡ ಆಸ್ಪತ್ರೆಗೆ ರೆಫರ್ ಮಾಡುವುದೆಂಬುದು ಕಾಗದದ ಮೇಲಿನ ಮಾತಾಗಿಬಿಡುತ್ತದೆ. ಆಗ ಆ ತಾಯಿಯನ್ನು ಉಳಿಸುವುದು ಅದೇ ಕಟ್ಟಡದಲ್ಲಿ ಇರುವ ಪ್ರಸೂತಿ ತಜ್ಞೆ, ಅರಿವಳಿಕೆ ವೈದ್ಯರು, ಇಬ್ಬರು ನರ್ಸ್‌ಗಳು ಮತ್ತು ಸಿಕ್ಕಷ್ಟು ರಕ್ತ. ಲ್ಯಾನ್ಸೆಟ್ ಪತ್ರಿಕೆ ನೇಮಿಸಿದ ಜಾಗತಿಕ ಶಸ್ತ್ರಚಿಕಿತ್ಸಾ ಆಯೋಗ 2015ರಲ್ಲಿ ಹೇಳಿದ್ದು ಇದನ್ನೇ: ಸಿಸೇರಿಯನ್, ಹೊಟ್ಟೆ ತೆರೆದು ಮಾಡುವ ಶಸ್ತ್ರಚಿಕಿತ್ಸೆ, ಮೂಳೆ ಮುರಿದು ಹೊರಗೆ ಕಂಡ ಗಾಯದ ಚಿಕಿತ್ಸೆ – ಈ ಮೂರನ್ನು ಮಾಡಬಲ್ಲ ಆಸ್ಪತ್ರೆ 2030ರೊಳಗೆ ಕನಿಷ್ಠ ಶೇಕಡಾ 80ರಷ್ಟು ಜನರಿಗೆ ಎರಡು ಗಂಟೆಯೊಳಗೆ ಸಿಗುವಂತಿರಬೇಕು, ಮತ್ತು ಒಂದು ಲಕ್ಷ ಜನರಿಗೆ ಶಸ್ತ್ರಚಿಕಿತ್ಸಕರು, ಅರಿವಳಿಕೆ ತಜ್ಞರು, ಪ್ರಸೂತಿ ತಜ್ಞರು ಸೇರಿ ಕನಿಷ್ಠ 20 ಮಂದಿ ಇರಬೇಕು. ಆ 20 ಎಂಬ ಸಂಖ್ಯೆ ತಲುಪುವುದು ಎಷ್ಟು ಮುಖ್ಯವೋ, ಆ ಇಪ್ಪತ್ತು ಮಂದಿಗೆ ಕೆಲಸ ಬರುತ್ತದೆಯೇ ಎಂಬುದೂ ಅಷ್ಟೇ ಮುಖ್ಯ.

ವರ್ಷದ ಬದಲು ಬೇರೆ ಯಾವುದನ್ನು ಅಳೆಯಬೇಕು ಎಂಬುದಕ್ಕೆ ಬೇರೆ ಬೇರೆ ದೇಶಗಳು ಬೇರೆ ಬೇರೆ ಉತ್ತರ ಕೊಟ್ಟಿವೆ. ಅಮೆರಿಕದಲ್ಲಿ ತರಬೇತಿಗೆ ಮಾನ್ಯತೆ ಕೊಡುವ ಎಸಿಜಿಎಂಇ ಎಂಬ ಸಂಸ್ಥೆ 1981ರಿಂದ ಕೆಲಸ ಮಾಡುತ್ತಿದೆ. ಅದು ಎಣಿಕೆಯ ದಾರಿ ಹಿಡಿದಿದೆ: ಸಾಮಾನ್ಯ ಶಸ್ತ್ರಚಿಕಿತ್ಸೆ ಕಲಿಯುವವರು ತರಬೇತಿ ಮುಗಿಯುವುದರೊಳಗೆ 850 ದೊಡ್ಡ ಶಸ್ತ್ರಚಿಕಿತ್ಸೆಗಳಲ್ಲಿ ಕೈಯಾಡಿಸಿರಬೇಕು, ಅರಿವಳಿಕೆ ಕಲಿಯುವವರು ಎಷ್ಟು ಸಿಸೇರಿಯನ್, ಎಷ್ಟು ಎಳೆಯ ಮಕ್ಕಳು, ಎಷ್ಟು ಹೃದಯ ಶಸ್ತ್ರಚಿಕಿತ್ಸೆಗಳನ್ನು ನಿಭಾಯಿಸಿರಬೇಕೆಂಬುದಕ್ಕೂ ಕನಿಷ್ಠ ಸಂಖ್ಯೆಗಳಿವೆ. ಕೆನಡಾದ ತಜ್ಞ ವೈದ್ಯರ ಸಂಸ್ಥೆಯಾದ ರಾಯಲ್ ಕಾಲೇಜು 1996ರಲ್ಲಿ ರೂಪಿಸಿದ ಕ್ಯಾನ್‌ಮೆಡ್ಸ್ ಎಂಬ ಚೌಕಟ್ಟು ಇನ್ನೊಂದು ಬಗೆಯದು. ತಜ್ಞರೆಂದರೆ ರೋಗ ಗುರುತಿಸಿ ಔಷಧಿ ಬರೆಯುವವರಷ್ಟೇ ಆಗಬಾರದು, ರೋಗಿಯೊಂದಿಗೆ ಮಾತಾಡಬಲ್ಲ, ತಂಡದಲ್ಲಿ ದುಡಿಯಬಲ್ಲ, ಮುಂದಾಳುವಾಗಬಲ್ಲ, ಜನರ ಆರೋಗ್ಯದ ಪರವಾಗಿ ನಿಲ್ಲಬಲ್ಲ, ಕಲಿಯುತ್ತ ಕಲಿಸಬಲ್ಲ, ವೃತ್ತಿಧರ್ಮ ಕಾಯಬಲ್ಲವರೂ ಆಗಿರಬೇಕೆಂದು ಅದು ಏಳು ಪಾತ್ರಗಳನ್ನು ಹೇಳಿತು. ನೆದರ್‌ಲೆಂಡ್ಸ್, ಡೆನ್ಮಾರ್ಕ್ ಮುಂತಾದ ದೇಶಗಳು ಅದನ್ನು ತಮಗೆ ಹೊಂದಿಸಿಕೊಂಡವು. ಮುಂದೆ ನೆದರ್‌ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ವೈದ್ಯ ಶಿಕ್ಷಣ ತಜ್ಞ ಓಲೆ ಟೆನ್ ಕಾಟೆ ಅವರು 2005ರಲ್ಲಿ ಮಂಡಿಸಿದ ವಿಚಾರ ನನಗೆ ಎಲ್ಲಕ್ಕಿಂತ ಹೆಚ್ಚು ಒಪ್ಪಿಗೆಯಾದುದು. ತಜ್ಞರು ಮಾಡಬೇಕಾದ ಮುಖ್ಯ ಕೆಲಸಗಳನ್ನು ಮೊದಲು ಪಟ್ಟಿ ಮಾಡುವುದು. ಕಲಿಯುವವರು ಒಂದೊಂದು ಕೆಲಸದಲ್ಲೂ ಬರಿದೆ ನೋಡುವ ಹಂತದಿಂದ, ಹಿರಿಯರು ಪಕ್ಕದಲ್ಲಿದ್ದು ಮಾಡುವ ಹಂತಕ್ಕೆ, ಕರೆದರೆ ಬರುವಷ್ಟು ದೂರದಲ್ಲಿ ಹಿರಿಯರಿದ್ದು ಮಾಡುವ ಹಂತಕ್ಕೆ, ಕೊನೆಗೆ ತಾವೇ ಮಾಡಿ ಕಿರಿಯರಿಗೆ ಕಲಿಸುವ ಹಂತಕ್ಕೆ ಏರುವುದು. ಇಂಥ ಕೆಲಸವನ್ನು ಇವರಿಗೆ ನಂಬಿ ಒಪ್ಪಿಸಬಹುದು ಎಂದು ಹಿರಿಯರು ಸಹಿ ಹಾಕಿ ಹೊಣೆ ಹೊರುವುದು.

ಹೊಣೆ ಹೊರುವುದು ಎಂಬಲ್ಲಿ ಎಲ್ಲವೂ ಇದೆ. ನಮ್ಮ ದೇಶದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ತಾವು ಮಾಡಿದ ಕೆಲಸಗಳ ದಾಖಲೆ ಪುಸ್ತಕವಾದ ಲಾಗ್‌ಬುಕ್ ಬರೆಯಬೇಕೆಂಬ ನಿಯಮ ಬಹಳ ಕಾಲದಿಂದ ಇದೆ. ಆದರೆ ಆ ಪುಸ್ತಕವನ್ನು ಪರೀಕ್ಷೆಯ ಹಿಂದಿನ ವಾರ ಕುಳಿತು ತುಂಬಿಸುವುದು, ನೋಡಿದ್ದನ್ನು ಮಾಡಿದ್ದೇನೆಂದು ಬರೆಯುವುದು, ಓದಿಯೂ ನೋಡದೆ ಸಹಿ ಬೀಳುವುದು ಈ ವೃತ್ತಿಯಲ್ಲಿರುವ ಯಾರಿಗೂ ಅಪರಿಚಿತವಲ್ಲ. ಪದವಿ ಮುಗಿಸಿ ನಾನು ಕೆಲಸ ಮಾಡುತ್ತಿದ್ದ ಒಂದು ಆಸ್ಪತ್ರೆಗೆ ಬಂದ ಕಿರಿಯ ವೈದ್ಯರೊಬ್ಬರು, ಓದಿನಲ್ಲಿ ಜಾಣರು, ಎರಡು ವರ್ಷದೊಳಗಿನ ಮಗುವಿಗೆ ಒಬ್ಬರೇ ಅರಿವಳಿಕೆ ಕೊಡಬೇಕಾಗಿ ಬಂದ ದಿನ ನನ್ನ ಬಳಿ ಬಂದು, ಇದುವರೆಗೆ ಇಷ್ಟು ಚಿಕ್ಕ ಮಗುವನ್ನು ತಾವು ಸ್ವತಃ ಮುಟ್ಟಿಲ್ಲವೆಂದು ನೇರವಾಗಿ ಹೇಳಿದರು. ಹಾಗೆ ಹೇಳಿದ್ದಕ್ಕೆ ಅವರ ಮೇಲೆ ನನಗೆ ಗೌರವ ಹೆಚ್ಚಿತು. ನಾವಿಬ್ಬರೂ ಸೇರಿ ಆ ಕೆಲಸ ಮಾಡಿದೆವು. ಆದರೆ ಅವರ ಪದವಿ ಪತ್ರ ಆ ಮಾತನ್ನು ಹೇಳಿರಲಿಲ್ಲ, ಹೇಳುವಂತೆ ಅದನ್ನು ರೂಪಿಸಿಯೂ ಇಲ್ಲ. ನಾಲ್ಕು ಲಿಖಿತ ಪ್ರಶ್ನೆಪತ್ರಿಕೆ, ಒಂದು ಪ್ರಬಂಧ, ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಕೆಲವು ಗಂಟೆಗಳ ಪ್ರಾಯೋಗಿಕ ಪರೀಕ್ಷೆ ಇವುಗಳಿಂದ ಜ್ಞಾನ ತಿಳಿಯುತ್ತದೆ. ಮೂರು ವರ್ಷ ಆ ಕೈ ಏನು ಮಾಡಿದೆ ಎಂಬುದು ತಿಳಿಯುವುದಿಲ್ಲ.

ಯುರೋಪಿನ ತಜ್ಞರ ಒಕ್ಕೂಟದ ಮಾನದಂಡಗಳಲ್ಲಿ ನಾವು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಅವುಗಳಿಗೆ ಮೂರು ಭಾಗಗಳಿವೆ. ಕಲಿಯುವವರು ಏನು ಕಲಿಯಬೇಕೆಂಬುದು ಮೊದಲ ಭಾಗವಾದರೆ, ಕಲಿಸುವವರು ಹೇಗಿರಬೇಕೆಂಬುದು ಎರಡನೆಯದು, ಕಲಿಕೆ ನಡೆಯುವ ಆಸ್ಪತ್ರೆ ಹೇಗಿರಬೇಕೆಂಬುದು ಮೂರನೆಯದು. ಅಲ್ಲಿನ ಕಾನೂನು ಕೂಡ, ತಜ್ಞ ತರಬೇತಿಯಲ್ಲಿರುವವರು ವಿಭಾಗದ ಎಲ್ಲ ಕೆಲಸಗಳಲ್ಲಿ, ಕರೆ ಬಂದಾಗ ಹಾಜರಾಗುವ ಆನ್-ಕಾಲ್ ಪಾಳಿಯೂ ಸೇರಿದಂತೆ, ಸ್ವತಃ ಭಾಗಿಯಾಗಬೇಕು, ತಕ್ಕ ಹೊಣೆ ಹೊರಬೇಕು, ಅದಕ್ಕೆ ತಕ್ಕ ಸಂಬಳ ಪಡೆಯಬೇಕು ಎನ್ನುತ್ತದೆ. ನಮ್ಮ ತಪಾಸಣೆಗಳಲ್ಲಿ ಹಾಸಿಗೆಗಳ ಸಂಖ್ಯೆ, ಬೋಧಕರ ಹಾಜರಾತಿ, ಗ್ರಂಥಾಲಯದ ಪುಸ್ತಕಗಳಿಗೆ ಸಿಗುವ ಗಮನ, ಹಿರಿಯ ವೈದ್ಯರು ಕಿರಿಯರ ಪಕ್ಕದಲ್ಲಿ ನಿಂತು ಎಷ್ಟು ಹೊತ್ತು ಕಲಿಸಿದರು ಎಂಬುದಕ್ಕೆ ಸಿಗುತ್ತಿಲ್ಲ. ಕೆಲಸದ ಗಂಟೆಗಳ ಮಾತೂ ಹೀಗೆಯೇ: ಯುರೋಪಿನಲ್ಲಿ ವಾರಕ್ಕೆ ಸರಾಸರಿ 48 ಗಂಟೆ, ಅಮೆರಿಕದಲ್ಲಿ 2003ರಿಂದ 80 ಗಂಟೆಯ ಮಿತಿ ಇದೆ, ನಮ್ಮ ಪಿಜಿ ವಿದ್ಯಾರ್ಥಿಗಳು ಎರಡು ದಿನ ನಿದ್ದೆಯಿಲ್ಲದೆ ದುಡಿಯುವುದನ್ನು ತರಬೇತಿಯ ಸಹಜ ಭಾಗವೆಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವೆ.

ಇಷ್ಟಾದರೂ, ಯುರೋಪಿನ ಆ ಮಾನದಂಡಗಳು ಕಾನೂನಲ್ಲ ಎಂಬುದನ್ನು ಹೇಳಲೇಬೇಕು. ಅವು ತಜ್ಞರೇ ಸೇರಿ ಮಾಡಿಕೊಂಡ ಶಿಫಾರಸುಗಳು. ಒಪ್ಪುವುದು ಬಿಡುವುದು ಆಯಾ ದೇಶಕ್ಕೆ ಬಿಟ್ಟದ್ದು. ಅವರು ನಡೆಸುವ ಯುರೋಪಿನ ಮಟ್ಟದ ಪರೀಕ್ಷೆಗಳು ಗುಣಮಟ್ಟದ ಗುರುತೇ ಹೊರತು, ಅವುಗಳಲ್ಲಿ ತೇರ್ಗಡೆಯಾದ ಮಾತ್ರಕ್ಕೆ ವೃತ್ತಿ ನಡೆಸುವ ಹಕ್ಕು ಸಿಗುವುದಿಲ್ಲ. ಅರಿವಳಿಕೆಯಲ್ಲಿ ಅಂಥ ಪರೀಕ್ಷೆ 1984ರಿಂದಲೇ ನಡೆಯುತ್ತಿದೆ. ಮಾನದಂಡವನ್ನು ಮೇಲಿನಿಂದ ಹೇರದೆ, ಒಂದೇ ಕೆಲಸ ಮಾಡುವವರು ಗಡಿ ದಾಟಿ ಕುಳಿತು ಮಾತಾಡಿ ಕಟ್ಟಿದ್ದರಿಂದ ಅದಕ್ಕೆ ನೈತಿಕ ಬಲ ಬಂದಿದೆ ಎಂದು ನಾನು ತಿಳಿದಿದ್ದೇನೆ.

ಹಾಗಾದರೆ ಬ್ರಸೆಲ್ಸ್‌ನ ಪುಸ್ತಕವನ್ನು ಕಾರವಾರಕ್ಕೆ ತಂದಿಟ್ಟರೆ ಆಯಿತೇ? ಆಗುವುದಿಲ್ಲ. ಸಿದ್ದಾಪುರದ ಕಾಡಂಚಿನ ಊರಿನಿಂದ ಜನವರಿಯಲ್ಲಿ ಜ್ವರ, ಮೈಕೈ ನೋವು, ಒಸಡಿನಲ್ಲಿ ರಕ್ತವೆಂದು ಬಂದವರನ್ನು ಕಂಡಾಗ ಮಂಗನ ಕಾಯಿಲೆಯ ನೆನಪಾಗದ ವೈದ್ಯತಜ್ಞರಿಂದ ನಮಗೆ ಪ್ರಯೋಜನವಿಲ್ಲ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಉಣ್ಣೆ ಹುಳುವಿನಿಂದ ಹರಡುವ ಆ ರೋಗ ಯುರೋಪಿನ ಯಾವ ಪಠ್ಯಕ್ರಮಕ್ಕೂ ಮುಖ್ಯವಲ್ಲ. ಹಾವು ಕಚ್ಚಿದವರಿಗೆ ನಾವು ಕೊಡುವ ವಿಷಹಾರಿ ಮದ್ದು ನಾಗರ, ಕಟ್ಟು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ ತಯಾರಾದದ್ದು. ನಮ್ಮ ಘಟ್ಟದ ತೋಟಗಳಲ್ಲಿ ಸಿಗುವ ಗುಳಿಮಂಡಲದ ಜಾತಿಯ ಹಾವುಗಳಿಗೆ ಅದು ನಾಟುವುದಿಲ್ಲ. ಅಂಥ ರೋಗಿಗೆ ಸೀಸೆಯ ಮೇಲೆ ಸೀಸೆ ಮದ್ದು ಏರಿಸುವ ಬದಲು ಮೂತ್ರಪಿಂಡವನ್ನೂ ರಕ್ತ ಹೆಪ್ಪುಗಟ್ಟುವಿಕೆಯನ್ನೂ ಕಾಯುತ್ತ ಕೂರುವ ವಿವೇಕವನ್ನು ಇಲ್ಲಿಯೇ ಕಲಿಯಬೇಕು. ಕೊನೆ ಕೊಯ್ಯುವಾಗ ಅಡಿಕೆ ಮರದಿಂದ ಬಿದ್ದ ಕೊನೆಗೌಡರ ಬೆನ್ನುಹುರಿಯ ಗಾಯ, ಮೀನುಗಾರರ ಬಲೆಯ ಯಂತ್ರಕ್ಕೆ ಸಿಕ್ಕಿದ ಕೈ, ಗದ್ದೆಯ ನೀರಿನಿಂದ ಬರುವ ಇಲಿಜ್ವರ ಇವೂ ಹಾಗೆಯೇ. ಮಾನದಂಡಕ್ಕೆ ಎಲ್ಲ ದೇಶಗಳಿಗೂ ಸಮಾನವಾದ ಒಂದು ತಿರುಳು ಇರಬೇಕು, ಆ ತಿರುಳಿನಲ್ಲಿ ರಾಜಿ ಇರಕೂಡದು. ಅದರ ಜೊತೆ ಆಯಾ ನೆಲದ ರೋಗ, ಗಾಯ, ಮಾತು, ದಾರಿಯ ದೂರವನ್ನು ಕಲಿಸುವ ಭಾಗವನ್ನು ಆ ನೆಲದವರೇ ಬರೆಯಬೇಕು.

ಇದು ಆಗದ ಮಾತೆಂದು ಹೇಳುವವರಿಗೆ ಆಫ್ರಿಕಾದ ಉದಾಹರಣೆ ಕೊಡಬಯಸುತ್ತೇನೆ. ಪೂರ್ವ, ಮಧ್ಯ ಮತ್ತು ದಕ್ಷಿಣ ಆಫ್ರಿಕಾದ ದೇಶಗಳು ಸೇರಿ 1999ರಲ್ಲಿ ಶಸ್ತ್ರಚಿಕಿತ್ಸಕರ ಒಂದು ಕಾಲೇಜನ್ನು ಕಟ್ಟಿದವು; ಕೊಸೆಕ್ಸಾ ಎಂದು ಅದರ ಹೆಸರು. ಅದಕ್ಕೆ ದೊಡ್ಡ ಕ್ಯಾಂಪಸ್ ಇಲ್ಲ. ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ, ಮಿಷನ್ ಆಸ್ಪತ್ರೆಗಳೂ ರಾಜಧಾನಿಯಿಂದ ದೂರದ ಆಸ್ಪತ್ರೆಗಳೂ ಸೇರಿದಂತೆ, ಅಲ್ಲಲ್ಲಿಯೇ ತರಬೇತಿ ನಡೆಯುತ್ತದೆ. ಪಠ್ಯಕ್ರಮ ಒಂದೇ, ಲಾಗ್‌ಬುಕ್ ಒಂದೇ ಮಾದರಿಯದು, ಕೊನೆಯ ಪರೀಕ್ಷೆ ಎಲ್ಲ ದೇಶದವರಿಗೂ ಒಂದೇ. ಐರ್ಲೆಂಡಿನ ರಾಯಲ್ ಕಾಲೇಜು ಆಫ್ ಸರ್ಜನ್ಸ್ ಅದಕ್ಕೆ ಕೈಜೋಡಿಸಿದೆ. ಅಲ್ಲಿ ಕಲಿತು ಹೊರಬಂದವರಲ್ಲಿ ಹೆಚ್ಚಿನವರು ಅದೇ ಪ್ರದೇಶದಲ್ಲಿ ಉಳಿದು ಕೆಲಸ ಮಾಡುತ್ತಿದ್ದಾರೆ. ನಮಗಿಂತ ಬಡ ದೇಶಗಳು, ಹಲವು ಭಾಷೆಗಳ, ಹಲವು ಸರ್ಕಾರಗಳ ನಡುವೆ ಇದನ್ನು ಸಾಧಿಸಿರುವಾಗ, ಒಂದೇ ರಾಜ್ಯದೊಳಗೆ ಬೆಂಗಳೂರಿನ ಕಾಲೇಜಿಗೂ ಕಾರವಾರದ ಆಸ್ಪತ್ರೆಗೂ ಒಂದೇ ಅಳತೆಯ ತರಬೇತಿ ಕೊಡಲು ನಮಗೇನು ಅಡ್ಡಿ?

ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಾತಿಗೆ ಬರುತ್ತೇನೆ. 2019ರ ಕಾಯ್ದೆಯಂತೆ ರಚನೆಯಾಗಿ 2020ರ ಸೆಪ್ಟೆಂಬರಿನಲ್ಲಿ ಹಳೆಯ ವೈದ್ಯಕೀಯ ಮಂಡಳಿಯ ಜಾಗಕ್ಕೆ ಬಂದ ಈ ಆಯೋಗಕ್ಕೆ ವಿಶ್ವ ವೈದ್ಯ ಶಿಕ್ಷಣ ಒಕ್ಕೂಟದ ಮಾನ್ಯತೆ 2023ರಲ್ಲಿ ಹತ್ತು ವರ್ಷಗಳ ಅವಧಿಗೆ ದೊರೆಯಿತು. ನಮ್ಮ ಪದವೀಧರರು ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಮುಂದೆ ಓದಲು ಇದರಿಂದ ದಾರಿ ಸುಗಮವಾಗುತ್ತದೆಂದು ಆಗ ಸಂತೋಷಪಟ್ಟರು, ನಾನೂ ಸಂತೋಷಪಟ್ಟೆ. ಆದರೆ ಅಂತರರಾಷ್ಟ್ರೀಯ ಮಾನದಂಡವೆಂದರೆ ನಮ್ಮವರು ಹೊರಗೆ ಹೋಗಲು ಬೇಕಾದ ರಹದಾರಿ ಎಂಬ ಅರ್ಥವೇ ಎಲ್ಲೆಡೆ ಕೇಳಿಬಂದದ್ದು ನನಗೆ ಸರಿಕಾಣಲಿಲ್ಲ. ಹೊರಗೆ ಹೋಗುವ ವೈದ್ಯರನ್ನು ನಾನು ದೂರುವುದಿಲ್ಲ, ಅದು ಅವರ ಹಕ್ಕು. ಬಡ ದೇಶಗಳ ಆರೋಗ್ಯ ಸಿಬ್ಬಂದಿಯನ್ನು ಶ್ರೀಮಂತ ದೇಶಗಳು ಎಗ್ಗಿಲ್ಲದೆ ಸೆಳೆದುಕೊಳ್ಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ನೀತಿಸಂಹಿತೆಯನ್ನೇ ಮಾಡಿದೆ. ಆದರೂ ಅದು ಯಾರನ್ನೂ ಕಾನೂನಿನಿಂದ ಕಟ್ಟಿಹಾಕುವುದಿಲ್ಲ. ಮಾನದಂಡ ಏರಿದರೆ ವೈದ್ಯರೆಲ್ಲ ಹೊರಗೆ ಹೋಗಿಬಿಡುತ್ತಾರೆ, ಆದ್ದರಿಂದ ಇದ್ದಂತೆ ಇರಲಿ ಎಂಬ ವಾದವನ್ನು ನಾನು ಕೇಳಿದ್ದೇನೆ. ವೈದ್ಯರನ್ನು ಉಳಿಸಿಕೊಳ್ಳಲು ತರಬೇತಿಯನ್ನು ತಗ್ಗಿಸುವುದೆಂದರೆ ಆ ಬೆಲೆಯನ್ನು ತೆರುವವರು ಇಲ್ಲಿಯೇ ಉಳಿದ ರೋಗಿಗಳು. ಜೋಯಿಡಾದ ಕಾಡಿನ ಹಾಡಿಯಿಂದ ಬಂದ ಹೆಂಗಸಿಗೂ ಬ್ರಸೆಲ್ಸ್‌ನ ಹೆಂಗಸಿಗೂ ಸಿಗುವ ಕಟ್ಟಡ ಬೇರೆ ಇರಬಹುದು, ಯಂತ್ರ ಬೇರೆ ಇರಬಹುದು. ಅವರ ಉಸಿರನ್ನು ಕಾಯುವ ವೈದ್ಯರ ಕೈಯ ಪಳಗಿಕೆ ಬೇರೆ ಇರಕೂಡದು.

ಆಯೋಗದ ನಿಯಮಗಳಲ್ಲೇ ಇರುವ ಒಂದು ಒಳ್ಳೆಯ ವ್ಯವಸ್ಥೆ ನಮ್ಮಲ್ಲಿ ಅರ್ಧಕ್ಕೆ ನಿಂತಿದೆ. ಪಿಜಿ ವಿದ್ಯಾರ್ಥಿಗಳೆಲ್ಲ ಮೂರನೆಯ, ನಾಲ್ಕನೆಯ ಅಥವಾ ಐದನೆಯ ಸೆಮಿಸ್ಟರಿನಲ್ಲಿ 3 ತಿಂಗಳು ಜಿಲ್ಲಾ ಆಸ್ಪತ್ರೆಯ ವ್ಯವಸ್ಥೆಯೊಳಗೆ ಕೆಲಸ ಮಾಡಬೇಕೆಂಬ ಜಿಲ್ಲಾ ರೆಸಿಡೆನ್ಸಿ ಯೋಜನೆ ಅದು. ಎಷ್ಟೋ ಕಡೆ ಇದನ್ನು ಹಾಜರಿ ಹಾಕಿ ಮುಗಿಸುವ ಡ್ಯೂಟಿಯಾಗಿ, ಜಿಲ್ಲಾ ಆಸ್ಪತ್ರೆಯ ಖಾಲಿ ಹುದ್ದೆಗೆ ತಾತ್ಕಾಲಿಕ ತೇಪೆಯಾಗಿ ಕಾಣುತ್ತಾರೆ. ಕಲಿಯಲು ಬಂದವರಿಗೆ ಕಲಿಸುವವರು ಯಾರೆಂದು ಗೊತ್ತಿರುವುದಿಲ್ಲ. ಕಲಿಸಬಲ್ಲ ಹಿರಿಯರಿಗೆ ಕಲಿಸಲು ಸಮಯವನ್ನೂ ಮನ್ನಣೆಯನ್ನೂ ಯಾರೂ ಕೊಡುವುದಿಲ್ಲ. ಈ ಮೂರು ತಿಂಗಳಲ್ಲಿ ಯಾವ ಯಾವ ಕೆಲಸಗಳನ್ನು ನಂಬಿ ಒಪ್ಪಿಸುವ ಹಂತಕ್ಕೆ ವಿದ್ಯಾರ್ಥಿ ತಲುಪಬೇಕೆಂದು ಮೊದಲೇ ಬರೆದಿಟ್ಟು, ಜಿಲ್ಲೆಯ ತಜ್ಞರಿಗೆ ಬೋಧಕರ ಸ್ಥಾನ ಕೊಟ್ಟು, ಅವರು ಹಾಕಿದ ಸಹಿ ಅಂತಿಮ ಫಲಿತಾಂಶದಲ್ಲಿ ಲೆಕ್ಕಕ್ಕೆ ಬರುವಂತೆ ಮಾಡಿದರೆ, ಇದೇ ಯೋಜನೆ ನಾನು ಮೇಲೆ ಹೇಳಿದ ನೆಲದ ಭಾಗವನ್ನು ಕಲಿಸುವ ಶಾಲೆಯಾಗಬಲ್ಲದು. ಘಟ್ಟದ ಮೇಲಿನ ಶಿರಸಿಯಲ್ಲೂ ಕೆಳಗಿನ ಕುಮಟಾ, ಭಟ್ಕಳಗಳಲ್ಲೂ ರೋಗಿಗಳಿಗೆ ಕೊರತೆಯಿಲ್ಲ, ಕಲಿಯಲು ಬೇಕಾದ ವೈವಿಧ್ಯಕ್ಕಂತೂ ಖಂಡಿತ ಇಲ್ಲ.

ಮಾನದಂಡವನ್ನು ಬರೆಯುವ ಮೇಜಿನ ಸುತ್ತ ಯಾರು ಕುಳಿತಿರಬೇಕು ಎಂಬುದು ಉಳಿದ ಮಾತು. ಯುರೋಪಿನ ತಜ್ಞರ ಒಕ್ಕೂಟ ವೈದ್ಯರದ್ದೇ ಆದ ಸಂಘಟನೆ; ಅದರ ಬಲವೂ ಅದೇ, ಮಿತಿಯೂ ಅದೇ. ಬ್ರಿಟನ್ನಿನಲ್ಲಿ ವೈದ್ಯರನ್ನು ನೋಂದಾಯಿಸಿ ನಿಯಂತ್ರಿಸುವ ಜನರಲ್ ಮೆಡಿಕಲ್ ಕೌನ್ಸಿಲ್‌ನ ಆಡಳಿತ ಮಂಡಳಿಯ 12 ಸದಸ್ಯರಲ್ಲಿ 6 ಮಂದಿ ವೈದ್ಯರಲ್ಲದ ಸಾಮಾನ್ಯ ನಾಗರಿಕರು. ಅಲ್ಲಿ 2012ರಿಂದ ಪ್ರತಿಯೊಬ್ಬ ವೈದ್ಯರೂ ಐದು ವರ್ಷಕ್ಕೊಮ್ಮೆ ತಾವು ವೃತ್ತಿಗೆ ಯೋಗ್ಯರಾಗಿ ಉಳಿದಿದ್ದೇವೆಂದು ತೋರಿಸಬೇಕು. ಅದಕ್ಕೆ ಪ್ರತಿವರ್ಷದ ಕೆಲಸದ ಮೌಲ್ಯಮಾಪನವೂ ರೋಗಿಗಳ ಅಭಿಪ್ರಾಯವೂ ಆಧಾರ. ನಮ್ಮಲ್ಲಿ ನೋಂದಣಿ ನವೀಕರಣಕ್ಕೆ ಸಮ್ಮೇಳನಗಳ ಹಾಜರಿಯ ಅಂಕ ಕೂಡಿಸಿಕೊಳ್ಳುತ್ತೇವೆ. ಮೂವತ್ತರ ವಯಸ್ಸಿನಲ್ಲಿ ಪಡೆದ ಪದವಿ ಅರವತ್ತರವರೆಗೆ ಪ್ರಶ್ನಾತೀತವಾಗಿ ಉಳಿಯುವುದು ವೈದ್ಯರ ಹಿತಕ್ಕೂ ಒಳ್ಳೆಯದಲ್ಲ ಎಂದು ಆ ವಯಸ್ಸನ್ನು ದಾಟಿದವಳಾಗಿ ಹೇಳುತ್ತಿದ್ದೇನೆ.

ನಮ್ಮ ಜಿಲ್ಲೆಯ ಶಾಸಕರಲ್ಲಿ, ಸಂಸದರಲ್ಲಿ ಮತ್ತು ಆಸ್ಪತ್ರೆಯ ಹೋರಾಟದಲ್ಲಿ ತೊಡಗಿರುವ ಯುವಜನರಲ್ಲಿ ನನ್ನ ವಿನಂತಿ ಇಷ್ಟು. ಬೇಡಿಕೆಯ ಪತ್ರದಲ್ಲಿ ಕಟ್ಟಡ ಮತ್ತು ಹುದ್ದೆಗಳ ಜೊತೆಗೆ ಮೂರು ಸಂಗತಿಗಳನ್ನು ಸೇರಿಸಬೇಕು. 2016ರಿಂದ ನಡೆಯುತ್ತಿರುವ ಕಾರವಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಜೊತೆಗೆ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಗಳನ್ನೂ ಅರಿವಳಿಕೆ, ಪ್ರಸೂತಿ, ಶಸ್ತ್ರಚಿಕಿತ್ಸೆ, ಮಕ್ಕಳ ವಿಭಾಗ ಮತ್ತು ತುರ್ತು ಚಿಕಿತ್ಸೆಗಳ ಮಾನ್ಯತೆಯುಳ್ಳ ತರಬೇತಿ ಕೇಂದ್ರಗಳಾಗಿ ಗುರುತಿಸಬೇಕು. ಹೊಸ ಆಸ್ಪತ್ರೆಗೆ ನೇಮಕವಾಗುವ ತಜ್ಞರಿಂದ ಪದವಿ ಪ್ರಮಾಣಪತ್ರದೊಂದಿಗೆ, ಅವರು ಸ್ವತಂತ್ರವಾಗಿ ಮಾಡಬಲ್ಲ ಕೆಲಸಗಳ ಬಗ್ಗೆ ಅವರ ಬೋಧಕರು ಹೊಣೆಹೊತ್ತು ಬರೆದ ದಾಖಲೆಯನ್ನೂ ಕೇಳಬೇಕು. ಕೊರತೆ ಕಂಡಲ್ಲಿ ನೇಮಕವನ್ನು ತಡೆಯದೆ, ಆ ಭಾಗದ ತರಬೇತಿಗೆ ಸರ್ಕಾರದ ಖರ್ಚಿನಲ್ಲಿ ಕೆಲವು ತಿಂಗಳು ಕಳುಹಿಸಬೇಕು. ಸ್ನಾತಕೋತ್ತರ ಪಠ್ಯಕ್ರಮವನ್ನು ಪರಿಷ್ಕರಿಸುವ ಸಮಿತಿಗಳಲ್ಲಿ ಜಿಲ್ಲಾ ಆಸ್ಪತ್ರೆಗಳ ವೈದ್ಯರಿಗೂ ನರ್ಸ್‌ಗಳಿಗೂ ರೋಗಿಗಳ ಕಡೆಯವರಿಗೂ ಸ್ಥಾನ ಇರಬೇಕೆಂದು ರಾಷ್ಟ್ರೀಯ ಆಯೋಗಕ್ಕೆ ರಾಜ್ಯ ಸರ್ಕಾರ ಲಿಖಿತವಾಗಿ ಕೇಳಬೇಕು. ಇವುಗಳಲ್ಲಿ ಎರಡನೆಯದಕ್ಕೆ, ಅಂದರೆ ತಜ್ಞರಿಂದ ಅಂಥ ದಾಖಲೆ ಕೇಳುವುದಕ್ಕೆ, ಹೊಸ ಕಾಯ್ದೆಯಾಗಲಿ ದೊಡ್ಡ ಅನುದಾನವಾಗಲಿ ಬೇಕಾಗಿಲ್ಲ. ಈ ವರ್ಷದ ನೇಮಕಾತಿಯಿಂದಲೇ ಆರಂಭಿಸಬಹುದು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಅರಿವಳಿಕೆ ವೈದ್ಯೆ,
ಕುಮಟಾ, ಉತ್ತರ ಕನ್ನಡ